ಖಾಲಿ ಪಟ್ಟಿಗಳ ಲೆಕ್ಕ

ಪರೇಲಿನ ಆಸ್ಪತ್ರೆಯೆದುರು ನಮ್ಮ ಮೆಡಿಕಲ್ ಅಂಗಡಿ.
ಹತ್ತೊಂಬತ್ತು ವರ್ಷದಿಂದ ಈ ಗಾಜಿನ ಕಟ್ಟೆಯ ಹಿಂದೆ ನಿಂತಿದ್ದೇನೆ.
ಇಂಡಿಯ ಕನ್ನಡ ಮರೆತಿಲ್ಲ, ಆದರೆ
ರೋಗದ ಹೆಸರುಗಳು ಬಾಯಿಗೆ ಬರುವುದು ಮರಾಠಿಯಲ್ಲೇ.

ಇಂದುಮತಿ ಸಾಳಸ್ಕರ್ ತಿಂಗಳಿಗೊಮ್ಮೆ ಬರುತ್ತಿದ್ದರು
ಖಾಲಿ ಪಟ್ಟಿಗಳ ಸಮೇತ. ಕಂಪನಿಯ ನೇಮ ಅದು:
ನುಂಗಿದ್ದಕ್ಕೆ ಸಾಕ್ಷಿ ಬೇಕು.
ಬೆಳ್ಳಿ ಹಾಳೆಯನ್ನು ಉಗುರಿನಿಂದ ಒತ್ತಿ ಒತ್ತಿ ಸಪಾಟು ಮಾಡಿ
ಮದುವೆ ಸೀರೆಯ ಜರಿಯೇನೋ ಎಂಬಂತೆ
ಚೀಲದಿಂದ ತೆಗೆದಿಡುತ್ತಿದ್ದರು.
ನಾನು ಎಣಿಸುತ್ತಿದ್ದೆ. ಮೂವತ್ತು ತೂತು.
ಮೂರು ಡಬ್ಬಿ ಕೊಂಡರೆ ಒಂಬತ್ತು ಪುಕ್ಕಟೆ.
ಹಸಿರು ಕಾರ್ಡು, ಮೇಲೊಬ್ಬ ನಗುವ ಮುದುಕ;
ಅವನಿಗೆ ಯಾವ ರೋಗವೂ ಇದ್ದಂತಿರಲಿಲ್ಲ.

ಗಂಡ ಬೆಸ್ಟ್ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು.
ಒಮ್ಮೆ ತಾವೇ ಬಂದಿದ್ದರು, ಮೇ ತಿಂಗಳಲ್ಲಿ ಮಫ್ಲರು ಸುತ್ತಿ.
ಕಾರ್ಡನ್ನು ತಿರುವಿ ತಿರುವಿ ನೋಡಿ ಕೇಳಿದರು:
"ರಿಯಾಯಿತಿ ಪಾಸು ಸರಿ.
ಯಾವ ಸ್ಟಾಪಿನವರೆಗೆ?"
ನಾನು ನಕ್ಕೆ.
ಅದನ್ನೇ ಉತ್ತರವೆಂದುಕೊಂಡು ಅವರೂ ನಕ್ಕರು.

ಆ ವರ್ಷ ಡಬ್ಬಿಯ ಮೇಲಿನ ಬೆಲೆ ಎರಡು ಸಲ ಏರಿತು.
ಯಾರೂ ಜಗಳವಾಡಲಿಲ್ಲ.
ಪುಕ್ಕಟೆ ಬರುವ ಮಾಲಿಗೆ ಬೆಲೆ ಓದುವವರಾರು?
ಅವರೇ ಬರೆದ ಅಂಕಿಯಿಂದ ಅವರೇ ಕಳೆದು ಕೊಡುತ್ತಿದ್ದರು,
ನಾವು ಕೈಮುಗಿಯುತ್ತಿದ್ದೆವು.

ಕೆಳಗಿನ ಖಾನೆಯಲ್ಲಿ ಇನ್ನೊಂದು ಕಂಪನಿಯದಿತ್ತು.
ಅದೇ ಔಷಧ, ಕಾಲು ಬೆಲೆ.
ಕಾರ್ಡಿಲ್ಲ, ನಗುವ ಮುದುಕನಿಲ್ಲ,
ಡಾಕ್ಟರ ಚೀಟಿಯಲ್ಲಿ ಅದರ ಹೆಸರಿಲ್ಲ.
ನಾನು ಹೇಳಲಿಲ್ಲ.
ಗೋಡೆಯ ಗಡಿಯಾರ ಕಾರ್ಡಿನ ಕಂಪನಿ ಕೊಟ್ಟದ್ದು,
ದೀಪಾವಳಿಯ ಗೋಡಂಬಿ ಡಬ್ಬಿಯೂ.
ಇದು ನೆಪವಲ್ಲ. ಹೇಳಿಬಿಡುತ್ತಿದ್ದೇನೆ, ಅಷ್ಟೇ.

ಹದಿಮೂರನೆಯ ತಿಂಗಳು ಕಂಪ್ಯೂಟರು
ಕಾರ್ಡಿನ ಗುರುತು ಹಿಡಿಯಲಿಲ್ಲ.
ಪೂರ್ತಿ ಹಣ ಕೊಟ್ಟು ಒಂದು ಡಬ್ಬಿ ಒಯ್ದರು;
ನೋಟುಗಳಿಗೆ ಟ್ರಂಕಿನ ಡಾಂಬರು ಗುಳಿಗೆಯ ವಾಸನೆ.

ಮತ್ತೆ ಬಂದದ್ದು ಎರಡು ತಿಂಗಳಿಗೆ.
ಯಾರೂ ಕೇಳದಿದ್ದರೂ ಪಟ್ಟಿಗಳನ್ನು ತೆಗೆದಿಟ್ಟರು, ರೂಢಿ.
ಮೂವತ್ತು ತೂತು. ಅರವತ್ತು ದಿನ.
ಎಣಿಸಲು ಬರುತ್ತದೆ ನನಗೆ.
"ದಿನ ಬಿಟ್ಟು ದಿನ ಕೊಡುತ್ತಿದ್ದೀರಾ?" ಎಂದೆ.
ಅವರು ಗಡಿಯಾರ ನೋಡಿದರು.

ಬಗ್ಗಿ ಕೆಳಗಿನ ಖಾನೆಯ ಡಬ್ಬಿ ತೆಗೆದೆ,
ಹೆಸರನ್ನು ಹಳೇ ಬಿಲ್ಲಿನ ಬೆನ್ನಿಗೆ ಬರೆದೆ:
ಡಾಕ್ಟರಿಗೆ ತೋರಿಸಿ, ಇದಾದೀತೇ ಕೇಳಿ.
ಬೆಲೆ ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು.
"ಇದು ಯಾವಾಗ ಬಂತು?"

ಮೊನ್ನೆ ಮೊನ್ನೆ, ಎಂದೆ,
ಧೂಳಿನ ಬೆರಳನ್ನು ಅಂಗಿಗೆ ಒರೆಸುತ್ತ.