ಒಂದು ಗೇಣು, ಎರಡು ಬೆರಳು

ಭೂಗೋಳಕ್ಕೆ ಒಂದು ಕಡೆ ನೆಗ್ಗು.
ಹೋದ ವರ್ಷ ಯಾರೋ ಚೆಂಡು ಮಾಡಿಕೊಂಡು
ಪೆಸಿಫಿಕ್ಕಿನ ನಡುವೆ ಒದ್ದಿದ್ದಾರೆ.
ಉಳಿದಂತೆ ಚೆನ್ನಾಗಿಯೇ ತಿರುಗುತ್ತದೆ.

ಕಣ್ಣು ಮುಚ್ಚಿ ಬೆರಳಿಡು ಅಂದೆ.
ದಾಕ್ಷಾಯಿಣಿಯ ಬೆರಳು ಆಂಕರೇಜಿನ ಮೇಲೆ ನಿಂತಿತು.
ಅಲಾಸ್ಕ. ಅಲ್ಲೊಂದು ವಿಮಾನ ನಿಲ್ದಾಣ,
ಇಲ್ಲಿ ನಮ್ಮ ಸೊಗಾನೆಯದು,
ಅದರ ಗಾಳಿಚೀಲ ಆರನೇ ತರಗತಿಯ ಕಿಟಕಿಗೆ ಕಾಣುತ್ತದೆ.
ನೇರ ವಿಮಾನ ಇಲ್ಲ. ಲೆಕ್ಕಕ್ಕೇನಂತೆ,
ಇದೆ ಅಂದುಕೊಂಡೆವು.

ಮೊದಲು ಗೋಡೆಯ ನಕ್ಷೆ. ತೀರ್ಥೇಶ ಅಡಿಪಟ್ಟಿ ಇಟ್ಟು ಎಳೆದ:
ಅರಬಸ್ಥಾನ, ಮರಳು, ಅಟ್ಲಾಂಟಿಕ್, ಕೆನಡಾ.
ನೆಟ್ಟಗಿದೆಯಲ್ಲ ಮಿಸ್, ಇದೇ ಹತ್ತಿರ.

ಆಮೇಲೆ ದಾರ. ದಾಕ್ಷಾಯಿಣಿಯ ಚೀಲದಲ್ಲಿತ್ತು,
ಅವಳವ್ವ ಸೇವಂತಿಗೆ ಕಟ್ಟಿ ಗಾಂಧಿ ಬಜಾರಿಗೆ ಕೊಡುವವಳು.
ಎರಡು ತುದಿ ಹಿಡಿದು ಬಿಗಿಯಾಗಿ ಎಳೆದರೆ
ದಾರ ತಾನಾಗಿ ಜಾರಿ, ಜಾರಿ,
ಹಿಮಾಲಯ ಹತ್ತಿ ಸೈಬೀರಿಯಾ ಹಾದು
ಯಾರೂ ಹೇಳಿಕೊಡದೆ ಹತ್ತಿರದ ದಾರಿ ಹಿಡಿಯಿತು.
ನನ್ನ ಕೈಯಲ್ಲಿ ಒಂದು ಗೇಣು, ಎರಡು ಬೆರಳು.
ಅವಳ ಕೈಯಲ್ಲಿ ಒಂದೂವರೆ.
ಕಿಲೋಮೀಟರಿನಲ್ಲಿ ಹತ್ತು ಸಾವಿರದ ಏಳುನೂರು ಚಿಲ್ಲರೆ,
ಹದಿಮೂರು ಗಂಟೆ, ಗಾಳಿ ಒಪ್ಪಿದರೆ.

ಅಲ್ಲಿಗೆ ನಿಲ್ಲಿಸಬಹುದಿತ್ತು.
ಬೆಲ್ಲಿಗೆ ಇನ್ನೂ ಹತ್ತು ನಿಮಿಷವಿತ್ತು, ಹೊತ್ತಿಗೆ ಕೈ ಹಾಕಿದೆ:
ಸೋಮವಾರ ಬೆಳಗ್ಗೆ ಎಂಟಕ್ಕೆ ಇಲ್ಲಿಂದ ಹಾರಿದರೆ
ಇಳಿಯುವಾಗ ಅಲ್ಲಿ
ಅದೇ ಸೋಮವಾರ, ಬೆಳಗ್ಗೆ ಆರೂವರೆ.
ಹೋ ಎಂದವು ಮಕ್ಕಳು. ಒಬ್ಬನಿಗೆ ಎರಡು ಸಲ ತಿಂಡಿ,
ಇನ್ನೊಬ್ಬನಿಗೆ ಕಾಪಿ ಬರೆಯಲು ಪುರುಸೊತ್ತು.

ದಾಕ್ಷಾಯಿಣಿ ದಾರ ಸುತ್ತುತ್ತಾ ಕೇಳಿದಳು:
ಹಂಗಾರೆ ಏಳು ಗಂಟೆ ಇನ್ನೊಂದ್ಸಲ ಬರುತ್ತಾ ಮಿಸ್?

ಬರುತ್ತೆ ಅಂದೆ. ಲೆಕ್ಕ ಸರಿಯಾಗಿಯೇ ಇತ್ತು.

ಪಕ್ಕದವಳು ಪಿಸುಗುಟ್ಟಿದ್ದು ಆಮೇಲೆ ಕೇಳಿಸಿತು:
ಮೊನ್ನೆ ಸೋಮವಾರ, ಏಳಕ್ಕೆ, ಇವಳೇ ಹಗ್ಗ ಬಿಚ್ಚಿದ್ದು.
ಏರ್‌ಪೋರ್ಟ್ ರಸ್ತೆ. ಜಲ್ಲಿ ಲಾರಿ. ಬುಡ್ಡ ಅಂತ ನಾಯಿ.

ಅಲ್ಲಿಯ ಏಳು ಅಲ್ಲಿಯವರದು ಮಗಾ,
ಅಲ್ಲಿಯ ನಾಯಿಗಳದು, ಅಲ್ಲಿಯ ಹಗ್ಗಗಳದು.
ಹೇಳಬೇಕಿತ್ತು. ಹೇಳಲಿಲ್ಲ.
ಬರುತ್ತೆ ಅಂದಾಗಿತ್ತು.

ನಮ್ಮಜ್ಜ ದೂರವನ್ನು ಕೂಗಳತೆಯಲ್ಲಿ ಹೇಳುತ್ತಿದ್ದ,
ಕರೆದರೆ ಓಗೊಡುವಷ್ಟು.

ಸಂಜೆ ಬಸ್ಸಿಗೆ ನಿಂತಿದ್ದೆ. ಶಿವಮೊಗ್ಗಕ್ಕೆ ಮುಕ್ಕಾಲು ಗಂಟೆ,
ಡ್ರೈವರು ಚಹಾಕ್ಕೆ ಇಳಿಯದಿದ್ದರೆ.
ಚಕ್ರ ಮಡಚಿಕೊಂಡು ವಿಮಾನ ತಲೆಯ ಮೇಲೆ ಹೋಯಿತು.
ರಸ್ತೆಯಾಚೆ ಅವಳಿದ್ದಳು, ಅದನ್ನು ನೋಡಲಿಲ್ಲ.
ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಮತ್ತೆ ಎಡಕ್ಕೆ,
ಒಂದು ಖಾಲಿ ರಸ್ತೆಯನ್ನು ಬಹಳ ಹೊತ್ತು ಕಾದು ದಾಟಿ ಬಂದಳು.

ಅಲ್ಲಿ ಈಗ ಎಷ್ಟು ಗಂಟೆ ಮಿಸ್?
ರಾತ್ರಿ ಎರಡೂಕಾಲು. ಎಲ್ಲರೂ ಮಲಗಿರ್ತಾರೆ.
ನಾಯಿಗಳೂನಾ?
ಅವೂ ಅಂದೆ.
ಕಟ್ಟಿ ಹಾಕಿರ್ತಾರಾ?

ಬಸ್ಸು ಬಂತು. ನಾನು ಹತ್ತಲಿಲ್ಲ.