ಬಿಕ್ಕಲಂ

ಮೂವತ್ತನಾಲ್ಕು ವರ್ಷ ಮಧುಗಿರಿಯ
ಸಬ್‌ರಿಜಿಸ್ಟ್ರಾರ್ ಕಚೇರಿಯೆದುರು, ಹೊಂಗೆಮರದಡಿ,
ಅವರಿವರ ಜಮೀನು ಬರೆದೆ.
ಕ್ರಯ, ಭೋಗ್ಯ, ದಾನ, ವಿಭಾಗ, ಹಕ್ಕುಖುಲಾಸೆ.
ಪತ್ರದ ಕೊನೆಗೆ, ಸಾಕ್ಷಿಗಳ ರುಜುವಿಗೂ ಕೆಳಗೆ,
ಇರುವೆಯಷ್ಟು ಅಕ್ಷರದಲ್ಲಿ
ಬಿಕ್ಕಲಂ: ಸಿದ್ದಗಂಗಮ್ಮ.

ಆಮೇಲೆ ಎಲ್ಲ ಕಂಪ್ಯೂಟರಿಗೆ ಹೋಯಿತು.
ಟೈಪ್‌ರೈಟರಿಗೆ ಹಳೇ ಸೀರೆಯ ಮುಸುಕು ಹಾಕಿ
ಮನೆಗೆ ತಂದಿಟ್ಟೆ. ಅರವತ್ತೆರಡು ತುಂಬಿತ್ತು.
ಮೂರು ತಿಂಗಳು ಸುಮ್ಮನೆ ಅವರೆಕಾಯಿ ಸುಲಿದೆ.
ನಾಲ್ಕನೇ ತಿಂಗಳು, ಯಾಕೋ ಗೊತ್ತಿಲ್ಲ,
ಕೆಟ್ಟುಹೋದ ಕರಡುಗಳ ಬೆನ್ನಿಗೆ
ಒಂದು ಹೆಣ್ಣನ್ನು ಬರೆದೆ.

ಪಾಳೇಗಾರರ ಕಾಲದವಳು,
ಕಣಜದ ಲೆಕ್ಕದವನ ಮಗಳು.
ಮೊದಲ ಸಾಲು ಬಂದದ್ದು ಹೀಗೆ:
ಪೂರ್ವಕ್ಕೆ ಕೋಟೆಗೋಡೆ, ಪಶ್ಚಿಮಕ್ಕೆ ರಾಗಿ ಕಣಜ,
ಉತ್ತರಕ್ಕೆ ಅಪ್ಪನ ಕೆಮ್ಮು, ದಕ್ಷಿಣಕ್ಕೆ ದಿಡ್ಡಿಬಾಗಿಲು,
ಈ ಚಕ್ಕುಬಂದಿಯೊಳಗೆ ಹೊನ್ನಾಜಿ ನಿಂತಿದ್ದಳು.
ನಕ್ಕೆ. ಹರಿದುಹಾಕಲಿಲ್ಲ.

ಜೆರಾಕ್ಸ್ ಅಂಗಡಿಯ ಜಬೀನಾ ಮೊದಲ ಓದುಗಿ.
ಒಂದು ಪ್ರತಿ ತೆಗೆಯುವ ನೆಪದಲ್ಲಿ ಎರಡು ಸಲ ಓದುತ್ತಾಳೆ.
"ಅಕ್ಕಾ, ಇಲ್ಲಿ ಕಾಟನಾಯಕ ಕಡ್ಡಿ ಗೀರಿ ದೀಪ ಹಚ್ತಾನಲ್ಲ,
ಆಗ ಬೆಂಕಿಪೊಟ್ಟಣ ಎಲ್ಲಿತ್ತು?"
ಹದಿನಾರು ಪುಟ! ಕಿವಿಯವರೆಗೂ ಬಿಸಿಯಾಯಿತು.
ಆ ರಾತ್ರಿ ಕಡ್ಡಿ ಕಿತ್ತುಕೊಂಡು
ಅವನ ಕೈಗೆ ಚಕಮಕಿ ಕಲ್ಲು ಕೊಟ್ಟೆ.
ಅರಳೆ ನೆಂದಿದೆ. ಕಿಡಿ ಹತ್ತುವುದಿಲ್ಲ.
ಮತ್ತೆ ಕುಟ್ಟುತ್ತಾನೆ. ಹತ್ತುವುದಿಲ್ಲ.
ಅಷ್ಟು ಹೊತ್ತೂ ಇಬ್ಬರೂ ಕತ್ತಲಲ್ಲಿ,
ಮೊಳದಷ್ಟು ದೂರ,
ಒಬ್ಬರ ಉಸಿರು ಒಬ್ಬರಿಗೆ ಕೇಳುತ್ತ.
ಬೆಂಕಿಪೊಟ್ಟಣ ಇದ್ದಿದ್ದರೆ
ಈ ಅಧ್ಯಾಯವೇ ಇರುತ್ತಿರಲಿಲ್ಲ.

ಜಬೀನಾ ರಟ್ಟು ಹೊಲಿದು ಹೆಸರು ಹಾಕಿದಳು,
ಮೇಲೆ, ದಪ್ಪಕ್ಷರದಲ್ಲಿ.
ಕೆಳಗೆ ಹಾಕೇ, ಅಂದೆ. ಅಭ್ಯಾಸ.

ತಮ್ಮನ ಹೆಂಡತಿ ಕೇಳಿದಳು, ಒಗ್ಗರಣೆ ಸೌಟು ಹಿಡಿದೇ,
"ಮದುವೇನೇ ಆಗದ ನಿಮಗೆ ಇದೆಲ್ಲ ಹೆಂಗೆ ಗೊತ್ತು?"
ಕುಚೋದ್ಯಕ್ಕಲ್ಲ, ನಿಜವಾಗಿ ಕೇಳಿದಳು.
ಹೆಬ್ಬೆಟ್ಟು ನೋಡಿ, ಅಂದೆ. ಸಾಸಿವೆ ಸಿಡಿಯಿತು, ಹೋದಳು.

ತೊಂಬತ್ತೊಂದನೇ ಇಸವಿ. ಕೊಡಿಗೇನಹಳ್ಳಿ ಕಡೆಯ ಗಂಡಹೆಂಡತಿ.
ಆರು ಹುಣಿಸೆಮರದ ತೋಪನ್ನು
ಆಕೆಯ ಹೆಸರಿಗೆ ಬರೆಸಲು ಬಂದಿದ್ದ.
ಅವಳ ಎಡ ಹೆಬ್ಬೆಟ್ಟನ್ನು ತಾನೇ ಹಿಡಿದು
ಶಾಯಿಗೆ ಅದ್ದಿ, ಕಾಗದಕ್ಕೆ ಒತ್ತಿಸಿದ.
ಹೆಗಲ ಟವೆಲ್ಲಿನಿಂದ ಒರೆಸಿದ.
ಶಾಯಿ ಹೋಯಿತು. ಇನ್ನೂ ಒರೆಸುತ್ತಲೇ ಇದ್ದ.
"ಬಿಡಿ ಅತ್ಲಾಗೆ, ಅಮ್ಮೋರು ನೋಡ್ತಾವ್ರೆ" ಅಂದಳು,
ಕೈ ಎಳೆದುಕೊಳ್ಳಲಿಲ್ಲ.
ಅವತ್ತು ನಾನು
ಸರ್ವೆ ನಂಬರು ತಪ್ಪು ಹೊಡೆದೆ.

ಈಗ ಹನ್ನೊಂದನೇ ಅಧ್ಯಾಯ.
ಕಾಟನಾಯಕ ಬಾಯಿಬಿಟ್ಟು ಹೇಳಲೇಬೇಕು.
ತಾವರೆ ಇಟ್ಟೆ, ಮಲ್ಲಿಗೆ ಇಟ್ಟೆ, ಕೋಗಿಲೆ ಇಟ್ಟೆ;
ನಾಟಕದವರಿಂದ ಬಾಡಿಗೆಗೆ ತಂದ ಒಡವೆಯ ಹಾಗೆ
ಅವನ ಮೈಮೇಲೆ ಒಂದೂ ಕೂರಲಿಲ್ಲ.
ಬೇಸತ್ತು ಕೈ ಬಿಟ್ಟೆ. ಕೈಯೇ ಬರೆಯಿತು:
"ನನ್ನ ಸ್ವಸಂತೋಷದಿಂದ,
ಯಾರ ಒತ್ತಾಯವೂ ಇಲ್ಲದೆ,
ಪೂರ್ಣ ಬುದ್ಧಿಯಿದ್ದು ಹೇಳುತ್ತಿದ್ದೇನೆ, ಹೊನ್ನಾಜಿ,
ಆಚಂದ್ರಾರ್ಕವಾಗಿ."
ಎಷ್ಟು ಸಾವಿರ ಸಲ ಟೈಪು ಮಾಡಿದ್ದೆ ಇದನ್ನು,
ಬೀಡಿ ಸೇದುತ್ತ ಕಾಯುವವರ ಮುಂದೆ,
ಪುಟಕ್ಕೆ ಇಷ್ಟು ಎಂದು ಎಣಿಸಿ.
ಒಂದು ಸಲವೂ ಕಿವಿಗೆ ಬಿದ್ದಿರಲಿಲ್ಲ.

ರಾತ್ರಿ ಒಂಬತ್ತಕ್ಕೆ ಜಬೀನಾ ಫೋನು:
"ಅವಳು ಒಪ್ತಾಳಾ ಅಕ್ಕಾ?"
ಗೊತ್ತಿಲ್ಲ ಕಣೆ.
ನಾಳೆ ಬಿಸಿಲೇರುವ ಮುಂಚೆ ಬೆಟ್ಟಕ್ಕೆ ಹೋಗಬೇಕು.
ನನ್ನ ಮಂಡಿ ಮೊದಲ ಬಾಗಿಲವರೆಗೆ ಬರುತ್ತದೆ, ಸಾಕು.
ಅಗುಳಿ ಹಾಕುವ ತೂತು
ಒಳಗಡೆ ಇದೆಯೋ, ಹೊರಗಡೆಯೋ,
ಅಷ್ಟು ನೋಡಿಕೊಂಡು ಬಂದರೆ
ಬರೆದೇನು.