ಬಗ್ಗದವರ ಯಂತ್ರ

ಐಡಹೋದ ಒಣಗುಡ್ಡದ ಕೆಳಗೆ
ಗುಂಡು ಹಾರಿಸುವ ಬಯಲು. ಶನಿವಾರ.
ಕೆಂಪು ಬಾವುಟ ಇಳಿಯಿತು,
ಬಂದೂಕುಗಳು ಬಾಯಿ ಕಳೆದು ಮಲಗಿದವು.
ಈಗ ಎಲ್ಲರೂ ನೆಲ ನೋಡುವ ಹೊತ್ತು.

ಯಾರಿಗೂ ಬಗ್ಗಿದವನಲ್ಲ ಆರ್ಲೋ ಟ್ವೆಟನ್.
ಗಣಿಯ ಮೇಸ್ತ್ರಿಗೆ ಬಗ್ಗಲಿಲ್ಲ, ಬ್ಯಾಂಕಿಗೆ ಬಗ್ಗಲಿಲ್ಲ,
ಇಗರ್ಜಿಯಲ್ಲೂ ಮೊಣಕಾಲೂರದೆ
ಕೊನೆಯ ಬೆಂಚಿನಲ್ಲಿ ಕೂತು ಎದ್ದುಬಂದವನು.
ಬಗ್ಗುತ್ತಿದ್ದುದು ಹಿತ್ತಾಳೆಗೆ ಮಾತ್ರ,
ಒಂದೊಂದು ಖಾಲಿ ತೋಟೆಗೂ ಒಂದೊಂದು ನಮಸ್ಕಾರ.
ಮನೆಗೊಯ್ದು ತೊಳೆದು, ಮತ್ತೆ ಮದ್ದು ತುಂಬಿ
ಒಂದನ್ನೇ ಹತ್ತು ಸಲ ಸುಡುವ ಜಿಪುಣ.

ಹೋದ ಚಳಿಗಾಲ ಬೆನ್ನಿಗೆ ಎರಡು ಸ್ಕ್ರೂ ಬಿದ್ದವು.
ಈಗ ಬಗ್ಗುವುದಿಲ್ಲ ಎಂದರೆ ಬಗ್ಗುವುದೇ ಇಲ್ಲ.

ಮೊದಲು ತಂದದ್ದು ಅಯಸ್ಕಾಂತ ಕಟ್ಟಿದ ಕೋಲು.
ನಾವು ನಕ್ಕೆವು. ಹಿತ್ತಾಳೆಗೆ ಅದರ ಹಂಗಿಲ್ಲ;
ಕಚ್ಚಿಕೊಂಡು ಬಂದವು ಅಗ್ಗದ ಉಕ್ಕಿನ ತೋಟೆ,
ತುಕ್ಕು ಮೊಳೆ, ಯಾವ ಕಾಲದ್ದೋ ಒಂದು ಲಾಳ.
ಆಮೇಲೆ ಮೀನಿನ ಬಲೆಯನ್ನು ಬಂದೂಕಿನ ಬಲಕ್ಕೆ ನಿಲ್ಲಿಸಿದ:
ಆರು ಬಲೆಗೆ, ಏಳನೆಯದು ನನ್ನ ಕಾಲರಿನೊಳಗೆ,
ಬಿಸಿಬಿಸಿ. ನಾನು ಕುಣಿದ ಕುಣಿತ
ಇವತ್ತಿಗೂ ಇಲ್ಲಿ ಕಾಫಿಯ ಜೊತೆ ಹಂಚುತ್ತಾರೆ.
ಆಮೇಲೆ ಟಾರ್ಪಾಲು. ಗಾಳಿ ಅದನ್ನೆತ್ತಿ
ಬೇಲಿಯಾಚೆ ಹೆಫ್ನರನ ಹಸುವಿಗೆ ಹೊದಿಸಿತು.

ಇವತ್ತಿನದು ಬೇರೆ:
ಅಕ್ರೋಟು ಆಯುವ ತಂತಿಪಂಜರ, ಮೊಟ್ಟೆಯಾಕಾರ,
ನೆಲ ಒರೆಸುವ ಕೋಲು ಹಿಡಿಕೆ,
ನಡುವೆ ಮಗುವಿನ ಗಾಡಿಯ ಅಚ್ಚು.
ಉರುಳಿಸಿದರೆ ತಂತಿ ಸರಿದು ಬಾಯಿಬಿಡುತ್ತದೆ,
ನುಂಗಿದ್ದನ್ನು ಕಕ್ಕುವುದಿಲ್ಲ.
ಜಲ್ಲಿಯ ಮೇಲೆ ಆರ್ಲೋ ನೆಟ್ಟಗೆ ನಡೆದ,
ನಾಯಿ ತಿರುಗಾಡಿಸುವ ದೊರೆಯ ಹಾಗೆ.

ಬಕೆಟ್ಟಿಗೆ ಸುರಿದರೆ
ಹಿತ್ತಾಳೆಯ ನಡುವೆ ಬೂದು ಬಣ್ಣದ್ದೊಂದು, ಗೋಡಂಬಿಯಂಥದ್ದು.
ಎರಡು ವಾರದ ಹಿಂದೆ ಕಳೆದ ಅವನ ಕಿವಿಯಂತ್ರ!
ಊದಿದ, ಅಂಗಿಗೆ ಉಜ್ಜಿದ,
ಪರ್ಸಿನಿಂದ ಹೊಸ ಸೆಲ್ಲು ತೆಗೆದು ಹಾಕಿ ಸಿಕ್ಕಿಸಿಕೊಂಡ.

ಬಕೆಟ್ಟಿನಲ್ಲಿ ಕೈಯಾಡಿಸಿದ. ಗಲಗಲ.
ಮತ್ತೆ ಆಡಿಸಿದ.
"ಇದಕ್ಕೊಂದು ದನಿ ಇತ್ತೇನೇ, ವರ್ಲೀನ್?"

ಇತ್ತು, ಅಂದೆ. ನಲವತ್ತು ವರ್ಷದಿಂದ ಇತ್ತು.

ಬಾವುಟ ಏರಿತು. ಸಾಲಿಗೆ ಸಾಲೇ ಕಿವಿ ಮುಚ್ಚಿಕೊಂಡೆವು.
ಅವನು ಒಬ್ಬನೇ ಬಕೆಟ್ಟು ತಬ್ಬಿಕೊಂಡು
ಕಾರಿನತ್ತ ಹೊರಟ,
ಬೇಕೆಂದೇ ಕುಲುಕುತ್ತ.